ಆಟಕ್ಕೊಂದು ಮೌಸ್

ಹೋದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮಲ್ಲಿಗೆ ಬಂದಿದ್ದ. ಹನ್ನೆರಡು ವರ್ಷದ ಹುಡುಗ. ಕಂಪ್ಯೂಟರಿನಲ್ಲಿ ಆಡಲು ಅವನಿಗೊಂದು ಒಳ್ಳೆಯ ಮೌಸ್ ಬೇಕಿತ್ತು, ಸೋದರಮಾವನಾದವನು ಇಲ್ಲವೆನ್ನಲಾದೀತೆ? ಅಂಗಡಿಗೆ ಹೋಗಿ, ಇದ್ದವುಗಳಲ್ಲೆಲ್ಲ ದೊಡ್ಡದಾದ, ಬಣ್ಣಬಣ್ಣದ ದೀಪ ಮಿನುಗುವ, ಪೆಟ್ಟಿಗೆಯ ಮೇಲೆ 16,000 ಎಂದು ದಪ್ಪಕ್ಷರದಲ್ಲಿ ಅಚ್ಚಾದ ಒಂದನ್ನು ತಂದುಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಹುಡುಗ ಮಣಿಕಟ್ಟು ನೀವಿಕೊಳ್ಳುತ್ತ ಊಟಕ್ಕೆ ಬರತೊಡಗಿದ. ತುತ್ತು ಎತ್ತುವಾಗ ನೋವು. ವೈದ್ಯರು ಹತ್ತು ದಿನ ಆಟ ಬೇಡವೆಂದರು. ನನ್ನ ಧಾರಾಳಕ್ಕೆ ಮಗುವಿನ ಕೈ ದಂಡ ತೆತ್ತಿತ್ತು. ತಮ್ಮ ಮನೆಯಲ್ಲಿ ಹಾಗಾಗದಿರಲೆಂದು ಈ ನಾಲ್ಕು ಮಾತು.

ಮೌಸ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿದರು, ಬಿಲ್ ಇಂಗ್ಲಿಷ್ ಕಟ್ಟಿದರು. ಮರದ ಪೆಟ್ಟಿಗೆ, ಅಡಿಯಲ್ಲಿ ಎರಡು ಚಕ್ರ, ಮೇಲೆ ಒಂದೇ ಗುಂಡಿ. ಇಂದಿನ ಮೌಸಿನ ಅಡಿಯಲ್ಲಿ ಚಕ್ರವಿಲ್ಲ, ಕಣ್ಣಿದೆ. ಅದು ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಒಂದಕ್ಕೊಂದು ಹೋಲಿಸಿ, ಕೈ ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಜಿನ ಮೇಲೆ ಅನೇಕ ಮೌಸುಗಳು ತಡವರಿಸುವುದು ಇದರಿಂದಲೇ. ಗುರುತು ಹಿಡಿಯಲು ಅಲ್ಲೇನೂ ಕಾಣದು. ಕೆಳಗೊಂದು ಬಟ್ಟೆಯ ಹಾಸು ಹಾಕಿದರಾಯಿತು.

ಇನ್ನು ಆ 16,000ದ ವಿಚಾರ. ಅದಕ್ಕೆ ಡಿಪಿಐ ಎನ್ನುತ್ತಾರೆ. ಮೌಸ್ ಒಂದಂಗುಲ ಸರಿದರೆ ಎಷ್ಟು ಎಣಿಕೆ ಕಳುಹಿಸುತ್ತದೆ ಎಂಬ ಸಂಖ್ಯೆ ಅದು. ತಾವೇ ಲೆಕ್ಕ ಹಾಕಿ ನೋಡಿ. ಪರದೆಯ ಅಗಲ 1920 ಚುಕ್ಕೆ. ಒಂದು ಎಣಿಕೆಗೆ ಒಂದು ಚುಕ್ಕೆ ಎಂದಿಟ್ಟುಕೊಳ್ಳೋಣ. 800 ಡಿಪಿಐ ಇದ್ದರೆ ಬಾಣದ ಗುರುತು ಈ ತುದಿಯಿಂದ ಆ ತುದಿಗೆ ಹೋಗಲು ಕೈ ಸುಮಾರು ಎರಡೂವರೆ ಅಂಗುಲ ಸರಿಯಬೇಕು. 16,000ದಲ್ಲಿ? ಮೂರೇ ಮಿಲಿಮೀಟರ್! ಕೆಮ್ಮಿದರೂ ಗುರಿ ತಪ್ಪೀತು. ಕೌಂಟರ್-ಸ್ಟ್ರೈಕ್‌ನಂಥ ಗುರಿಯಿಡುವ ಆಟಗಳಲ್ಲಿ ಪಳಗಿದವರು ಬಹುಮಟ್ಟಿಗೆ 400, 800, 1600ರಲ್ಲೇ ಆಡುತ್ತಾರೆ. ಆ ದೊಡ್ಡ ಸಂಖ್ಯೆಗೆ ಹಣ ತೆರುವುದೆಂದರೆ, ನಾಲ್ಕು ಮಂದಿಯ ಮನೆಗೆ ಮದುವೆಯ ಕೊಳಗ ಕೊಂಡಂತೆ. ಬೇಕಾದ್ದು ಇನ್ನೊಂದು ಲೆಕ್ಕ: ಸಾದಾ ಮೌಸ್ ಸೆಕೆಂಡಿಗೆ 125 ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಿದರೆ, ಆಟದ ಮೌಸ್ 1000 ಸಲ ಮುಟ್ಟಿಸುತ್ತದೆ. ಅಷ್ಟಿದ್ದರೆ ಮನೆಯ ಆಟಗಾರನಿಗೆ ಧಾರಾಳವಾಯಿತು.

ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗದ ಸಂಗತಿಯೊಂದಿದೆ, ಆಡುವವನ ಕೈ. ಕೆಲವರು ಇಡೀ ಅಂಗೈಯನ್ನು ಮೌಸಿನ ಬೆನ್ನ ಮೇಲೆ ಊರುತ್ತಾರೆ. ಅವರಿಗೆ ಬೆನ್ನು ಉಬ್ಬಿದ, ಉದ್ದನೆಯ ಮೌಸ್ ಬೇಕು. ಕೆಲವರು ಗಿಡುಗನ ಉಗುರಿನಂತೆ ಬೆರಳು ಬಾಗಿಸಿ ಹಿಡಿಯುತ್ತಾರೆ. ಬೆರಳ ತುದಿಯಿಂದಲೇ ಆಡಿಸುವವರೂ ಉಂಟು. ಅವರಿಗೆ ಚಿಕ್ಕದೂ ಹಗುರವಾದದ್ದೂ ಒಪ್ಪುತ್ತದೆ. ನಾನು ತಂದದ್ದು ನೂರು ಗ್ರಾಮಿಗೂ ಮೀರಿ ತೂಗುತ್ತಿತ್ತು. ಕಡಿಮೆ ಡಿಪಿಐಯಲ್ಲಿ ಆಡುವವನು ಮೌಸನ್ನು ಘಳಿಗೆಗೊಮ್ಮೆ ಎತ್ತಿ ಹಿಂದಕ್ಕೆ ಇಡಬೇಕಷ್ಟೆ. ಪುಟ್ಟ ಮಣಿಕಟ್ಟು ಆ ಭಾರವನ್ನು ಎಷ್ಟು ಸಾವಿರ ಸಲ ಎತ್ತಿತೋ!

ಆದ್ದರಿಂದ ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ಹಿಡಿದು, ಎತ್ತಿ, ಇಟ್ಟು ನೋಡಲಿ. ಹಿಡಿತ ಬದಲಿಸದೆ ಪಕ್ಕದ ಗುಂಡಿಗಳಿಗೆ ಹೆಬ್ಬೆರಳು ಎಟುಕಬೇಕು. ಎಡಗೈ ಮಕ್ಕಳಿದ್ದರೆ ಇನ್ನೂ ಎಚ್ಚರ. ಬಹಳಷ್ಟು ಮೌಸುಗಳು ಬಲಗೈಗೆಂದೇ ಬಾಗಿರುತ್ತವೆ. ತಂತಿಯಿರುವುದು ಅಗ್ಗ. ತಂತಿಯಿಲ್ಲದ್ದೇ ಬೇಕೆಂದರೆ ಬ್ಲೂಟೂತ್ ಒಂದನ್ನೇ ನಂಬದೆ, ಕಂಪ್ಯೂಟರಿಗೆ ಸಿಕ್ಕಿಸುವ ತನ್ನದೇ ರಿಸೀವರ್ ಇರುವುದನ್ನು ಕೊಳ್ಳಿ. ಆಟಕ್ಕೆ ಅದು ಚುರುಕು.

ಈ ಸಲ ಹುಡುಗ ತಾನೇ ಆರಿಸಿದ. ಅರುವತ್ತು ಚಿಲ್ಲರೆ ಗ್ರಾಮಿನ, ದೀಪವಿಲ್ಲದ, ಬೋಳು ಬೋಳಾದ ಮೌಸು. ಬೆಲೆಯೂ ಮೊದಲಿನದಕ್ಕಿಂತ ಕಡಿಮೆ. ದೊಡ್ಡದು ಈಗ ನನ್ನ ಮೇಜಿನ ಮೇಲಿದೆ. ಮನೆಯ ಜಮಾಖರ್ಚು ಬರೆಯುವಾಗ ಏಳು ಬಣ್ಣದಲ್ಲಿ ಮಿನುಗುತ್ತದೆ. ಅದನ್ನು ಆರಿಸುವುದು ಹೇಗೆಂದು ಹುಡುಗನಿಗೆ ಗೊತ್ತು, ಹೇಳಿಕೊಡುತ್ತಿಲ್ಲ.