ನೀರುಗಂಟಿ ಇಲ್ಲದ ಎಂಜಿನ್

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಕಾರಿನ ಇಗ್ನಿಷನ್ ಕಾಯಿಲ್ ಬಗ್ಗೆ ಹೇಳಬೇಕೆಂದಿದ್ದೇನೆ. ಅದಕ್ಕೊಂದು ಕಾರಣವಿದೆ.

ಕಳೆದ ದೀಪಾವಳಿಗೆ ಊರಿಗೆ ಬರುವಾಗ ಪಾಂಡವಪುರದ ಹತ್ತಿರ ನನ್ನ ಕಾರು ಜಗ್ಗತೊಡಗಿತು. ಎಂಜಿನ್ ಗುರುತಿನ ಹಳದಿ ದೀಪ ಮಿಣುಕಿತು. ನಮ್ಮ ಬೆಂಚಿನ ಗೆಳೆಯನ ಗ್ಯಾರೇಜು ಅಲ್ಲೇ ಇದೆ. ಬಾನೆಟ್ ಎತ್ತಿ ನೋಡಿದವನು, "ಹಳೇ ಗಾಡಿ ಆಗಿದ್ರೆ ಕಿವೀಲೇ ಕೇಳಿ ಹೇಳ್ತಿದ್ದೆ ಕಣೋ. ಇದು ಕಂಪ್ಯೂಟರ್ ಗಾಡಿ, ನಮಗೆ ಬರಲ್ಲ. ಇನ್ನೊಂದಷ್ಟು ವರ್ಷ, ಆಮೇಲೆ ಬಾಗಿಲು ಹಾಕೋದೇ" ಅಂದ. ಆ ಮಾತು ನನಗೆ ಚುಚ್ಚಿತು. ಏಕೆಂದರೆ ಆ ಕಂಪ್ಯೂಟರ್ ಗಾಡಿಯ ಗುಟ್ಟನ್ನು ನಾವಿಬ್ಬರೂ ಇದೇ ಶಾಲೆಯಲ್ಲಿ ಕಲಿತಿದ್ದೆವು. ವಿದ್ಯುತ್ಕಾಂತೀಯ ಪ್ರೇರಣೆ, ಫ್ಯಾರಡೆ, 1831. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತಿದ್ದೆವು, ಅಷ್ಟೇ.

ನಿಮ್ಮ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್‌ಗೆ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಗೆ ಕಿಡಿ ಬೇಕು. ಪ್ಲಗ್ಗಿನ ತುದಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದು. ಒತ್ತಿದ ಗಾಳಿಯಲ್ಲಿ ಅದನ್ನು ದಾಟಲು ಸಾವಿರಾರು ವೋಲ್ಟ್ ಬೇಕು. ಬ್ಯಾಟರಿಯಲ್ಲಿರುವುದು 12.

ಕಾಯಿಲ್ ಒಳಗೆ ಕಬ್ಬಿಣದ ತಿರುಳು, ಅದಕ್ಕೆ ಎರಡು ಸುತ್ತು. ಒಂದು ದಪ್ಪ ತಂತಿ, ಕೆಲವು ನೂರು ಸುತ್ತು. ಇನ್ನೊಂದು ಕೂದಲಂಥ ತಂತಿ, ಸುಮಾರು ನೂರು ಪಟ್ಟು ಹೆಚ್ಚು ಸುತ್ತು. 12ನ್ನು ನೂರರಿಂದ ಗುಣಿಸಿದರೆ 1200, ಅದು ಸಾಲದು. ಹಾಗಾದರೆ ಉಳಿದದ್ದು ಎಲ್ಲಿಂದ ಬರುತ್ತದೆ?

ಪಂಪ್‌ಸೆಟ್ ಓಡುವಾಗ ಕರೆಂಟ್ ಹೋದರೆ ಪೈಪಿನಲ್ಲಿ 'ಧಡ್' ಅನ್ನುತ್ತದಲ್ಲ, ಹಾಗೆ. ಹರಿಯುವುದನ್ನು ಥಟ್ಟನೆ ತಡೆದರೆ ಒತ್ತಡ ಏರುತ್ತದೆ. ದಪ್ಪ ತಂತಿಯ ಕರೆಂಟನ್ನು ಒಮ್ಮೆಲೇ ಕಡಿದಾಗ ಕಾಂತಕ್ಷೇತ್ರ ಕುಸಿದು ಅಲ್ಲೇ 300–400 ವೋಲ್ಟ್ ಏಳುತ್ತದೆ. ಅದು ನೂರು ಪಟ್ಟಾದರೆ 30–40 ಸಾವಿರ. ಕರೆಂಟು ಕೊಟ್ಟಾಗಲ್ಲ, ಕಿತ್ತುಕೊಂಡಾಗ ಕಿಡಿ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕು ಹಿರಿಯರಿಗೆ ನೆನಪಿರುತ್ತದೆ. ಅದರಲ್ಲಿ ಕರೆಂಟು ಕಡಿಯುತ್ತಿದ್ದದ್ದು ಪಾಯಿಂಟ್. ಒಂದೇ ಸಿಲಿಂಡರ್, ಹಂಚುವ ಗೋಜಿಲ್ಲ. ಅಂಬಾಸಿಡರ್‌ಗೆ ನಾಲ್ಕು ಸಿಲಿಂಡರ್, ಕಾಯಿಲ್ ಒಂದೇ. ಸರದಿಯ ಮೇಲೆ ಕಿಡಿ ಹಂಚಲು ಡಿಸ್ಟ್ರಿಬ್ಯೂಟರ್ ಬೇಕಾಯಿತು. ನಮ್ಮ ಕೆರೆ ಬಯಲಿನ ಮಾತಿನಲ್ಲಿ ಹೇಳುವುದಾದರೆ ಅವನು ನೀರುಗಂಟಿ; ಒಂದು ತೂಬಿನ ನೀರನ್ನು ಗದ್ದೆಗದ್ದೆಗೆ ತಿರುಗಿಸುವವನು. ಆದರೆ ಅವನ ಪಾಯಿಂಟ್ ಸುಡುತ್ತಿತ್ತು, ರೋಟರ್ ಸವೆಯುತ್ತಿತ್ತು, ಮಳೆಗಾಲದಲ್ಲಿ ಕ್ಯಾಪ್ ಒಳಗೆ ತೇವ ಕೂರುತ್ತಿತ್ತು.

ಈಗಿನ ಕಾರಿನಲ್ಲಿ ಅವನಿಲ್ಲ. ಕ್ರ್ಯಾಂಕಿಗೆ ಹಲ್ಲಿನ ಚಕ್ರವಿದೆ. ಅನೇಕ ಕಾರುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಖಾಲಿ. ಆ ಖಾಲಿ ಜಾಗವೇ ಗುರುತು. ಸೆನ್ಸರ್ ಹಲ್ಲು ಎಣಿಸುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಟ್ರಾನ್ಸಿಸ್ಟರ್ ಕರೆಂಟು ಕಡಿಯುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ 100 ಕಿಡಿ. ಒಂದು ಡಿಗ್ರಿ ತಿರುಗಲು ಸೆಕೆಂಡಿನ 18,000ದಲ್ಲಿ ಒಂದು ಭಾಗ ಸಾಕು.

ಮೊದಲು ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇಟ್ಟರು. ಒಂದು ಮತ್ತು ನಾಲ್ಕನೆಯ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ. ಎರಡರಲ್ಲೂ ಕಿಡಿ ಹಾರುತ್ತದೆ; ಒಂದು ಪೆಟ್ರೋಲ್ ಹೊತ್ತಿಸುತ್ತದೆ, ಇನ್ನೊಂದು ಹೊಗೆ ಹೊರಹೋಗುವ ಕಡೆ ವ್ಯರ್ಥ. ಆಮೇಲೆ ಪ್ರತಿ ಪ್ಲಗ್ಗಿನ ತಲೆಯ ಮೇಲೇ ಒಂದೊಂದು ಕಾಯಿಲ್ ಬಂತು. ಗದ್ದೆಗೊಂದು ತೂಬು!

ನನ್ನದೂ ಅಂಥದೇ ಕಾರು. ನನ್ನ ಬಳಿಯಿದ್ದ ಸಣ್ಣ ಕೋಡ್ ರೀಡರ್ ಸಿಕ್ಕಿಸಿದೆವು. ಪಿ0302 ಎಂದು ತೋರಿಸಿತು: ಎರಡನೆಯ ಸಿಲಿಂಡರಿನಲ್ಲಿ ಸರಿಯಾಗಿ ಉರಿಯುತ್ತಿಲ್ಲ. ಅದಕ್ಕೆ ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರ್ರೋ ಕಾರಣವೆಂದು ಕೋಡ್ ಹೇಳುವುದಿಲ್ಲ. ಬಿ.ಇ. ಓದಿದ ನಾನು ಫೋನಿನಲ್ಲಿ ಹುಡುಕುತ್ತ ನಿಂತೆ. ಅವನು ಮಾತಾಡದೆ ಎಂಜಿನ್ ಆರಿಸಿ, ಎರಡನೆಯ ಕಾಯಿಲನ್ನು ಮೂರಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿ, ಕೋಡ್ ಅಳಿಸಿ ಮತ್ತೆ ಓಡಿಸಿದ. ಸ್ವಲ್ಪ ಹೊತ್ತಿಗೆ ಪಿ0303 ಬಂತು. "ರೋಗ ಕಾಯಿಲ್ ಜೊತೇನೇ ಹೋಯ್ತು ನೋಡು" ಅಂದ. ಮಕ್ಕಳೇ, ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ನೋಡುವುದು. ಪ್ರಯೋಗ ಎಂದರೆ ಇದೇ.

ಎರಡು ಎಚ್ಚರಿಕೆ ಹೇಳಲೇಬೇಕು. ಹಳೇ ಅಭ್ಯಾಸದಂತೆ ಓಡುವ ಎಂಜಿನ್ನಿನ ಪ್ಲಗ್ ವೈರ್ ಅಥವಾ ಕಾಯಿಲ್ ಕಿತ್ತು ಕಿಡಿ ನೋಡಬೇಡಿ. ಅದು ನಿಮಗೂ ಅಪಾಯ, ಕಂಪ್ಯೂಟರಿಗೂ ಅಪಾಯ. ಹಳದಿ ದೀಪ ಮಿಣುಕುತ್ತಿದ್ದರೆ ಎಳೆದುಕೊಂಡು ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಅದರ ಬೆಲೆ ಕಾಯಿಲ್‌ಗಿಂತ ಬಹಳ ಹೆಚ್ಚು.

ಕೋಡ್ ರೀಡರನ್ನು ಅವನ ಹತ್ತಿರವೇ ಬಿಟ್ಟು ಬಂದೆ. ಈಗ ಅವನೇ ನನಗೆ ಫೋನ್ ಮಾಡಿ ಹೊಸ ಹೊಸ ಕೋಡ್‌ಗಳ ಅರ್ಥ ಕೇಳುತ್ತಾನೆ. ಅರ್ಧಕ್ಕರ್ಧ ನನಗೆ ಗೊತ್ತಿರುವುದಿಲ್ಲ, ಇಬ್ಬರೂ ಸೇರಿ ಹುಡುಕುತ್ತೇವೆ. ಬಾಗಿಲು ಹಾಕುವ ಮಾತು ಸದ್ಯಕ್ಕೆ ನಿಂತಿದೆ.

ನಮ್ಮ ತಂಡದಿಂದ ಶಾಲೆಯ ಪ್ರಯೋಗಾಲಯಕ್ಕೆ ಕೆಟ್ಟ ಕಾಯಿಲ್ ಒಂದನ್ನು ಅಡ್ಡಲಾಗಿ ಕೊಯ್ದು ಹಲಗೆಗೆ ಕೂರಿಸಿ ಕೊಡುತ್ತಿದ್ದೇವೆ. ಎರಡೂ ಸುತ್ತುಗಳು ಕಣ್ಣಿಗೆ ಕಾಣುತ್ತವೆ. ವರ್ಷಕ್ಕೊಮ್ಮೆ ಹತ್ತನೇ ತರಗತಿಗೆ ಬಂದು ಅದನ್ನು ವಿವರಿಸಲು ನನ್ನ ಗೆಳೆಯ ಒಪ್ಪಿದ್ದಾನೆ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ ನೋಡಿ. ಮೇಷ್ಟ್ರು ಪ್ರಶ್ನೆ ಕೇಳಿದಾಗಲೂ ಹೀಗೇ ಕೂರುತ್ತಿದ್ದ. ಮಕ್ಕಳೇ, ಈ ಸಲ ಪ್ರಶ್ನೆ ಕೇಳುವವರು ನೀವು. ಅವನನ್ನು ಬಿಡಬೇಡಿ.