ಕೆರೆಯೊಳಗಿನ ಮಕರ



ಅರಸೀಕೆರೆಗೆ ಸಮೀಪದ ಹಾರನಹಳ್ಳಿಯಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವು 1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಸೋದರರು ಕಟ್ಟಿಸಿದ್ದು. ಹೊರಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಎಣಿಸಿದರೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ. ಅವುಗಳ ಮೇಲೆ ಮಕರ, ತುದಿಯಲ್ಲಿ ಹಂಸ. ನೋಡಬಂದವರು ಕಥೆಗಳ ಪಟ್ಟಿಕೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಮಕರವನ್ನು ಅಲಂಕಾರವೆಂದೆಣಿಸಿ ಮುಂದೆ ಸಾಗುತ್ತಾರೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನಂಥ ಬಾಲ ಹೊತ್ತ ಈ ಜಲಮೃಗ ಬೇಲೂರು, ಹಳೇಬೀಡುಗಳ ಗೋಡೆಗಳಲ್ಲಿಯೂ ತೋರಣಗಳಲ್ಲಿಯೂ ಬಾಯ್ದೆರೆದು ನಿಂತಿದೆ.

ಮಳೆ ಕಡಿಮೆ ಬೀಳುವ ಈ ಸೀಮೆಯ ಶಿಲ್ಪಿಗೆ ನೀರಿನ ಮೃಗದ ಗೊಡವೆ ಏಕೆ? ಊರಿನ ಹೆಸರುಗಳೇ ಉತ್ತರ ಹೇಳುತ್ತವೆ. ಅರಸಿಯ ಕೆರೆ ಅರಸೀಕೆರೆಯಾಯಿತು. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಕೆರೆಯನ್ನೇ ಸಮುದ್ರವೆಂದು ಕರೆದ ಜನ ಅವರು. ಸಮುದ್ರವೆಂದ ಮೇಲೆ ಅದಕ್ಕೊಂದು ಮಕರವೂ ಬೇಕಲ್ಲವೇ! ವರುಣನಿಗೂ ಗಂಗೆಗೂ ಅದೇ ವಾಹನ.

ಈ ಕಲ್ಪನೆಯ ಹಿಂದೆ ನಿಜವಾದ ಪ್ರಾಣಿಯೂ ಇದೆ. ಮಕರವೆಂಬ ಸಂಸ್ಕೃತ ಶಬ್ದವೇ ಹಿಂದಿಯಲ್ಲಿ ಮಗರ್ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಮಗ್ಗರ್ ಮೊಸಳೆಯಾಯಿತು. ಕಾವೇರಿ, ತುಂಗಭದ್ರಾ, ಕಾಳಿ ನದಿಗಳಲ್ಲಿ ಇಂದಿಗೂ ಕಾಣಸಿಗುವ ಮೊಸಳೆ ಇದೇ. ಇದು ನಿಂತ ನೀರಿನಲ್ಲಿಯೂ ಬಾಳಬಲ್ಲದು, ದಡದಲ್ಲಿ ಬಿಲ ತೋಡಬಲ್ಲದು, ನೀರು ಬತ್ತಿದಾಗ ನೆಲದ ಮೇಲೆ ನಡೆದು ಇನ್ನೊಂದು ನೀರನ್ನು ಸೇರಬಲ್ಲದು. ನಿನ್ನೆ ಇಲ್ಲದ ಮೃಗ ಇಂದು ಕಂಡಿತೆಂದರೆ, ನಾಳೆ ಮಾಯವಾಯಿತೆಂದರೆ, ಕಥೆ ಹುಟ್ಟಲು ಇನ್ನೇನು ಬೇಕು? ಗಜೇಂದ್ರನ ಕಾಲು ಹಿಡಿದ ಮೊಸಳೆಯ ಕಥೆಯೂ ಸರೋವರದ್ದೇ. ಉತ್ತರ ಹೇಳದೆ ನೀರು ಕುಡಿದ ನಾಲ್ವರು ಪಾಂಡವರನ್ನು ಕೆಡವಿದ ಯಕ್ಷನೂ ಸರೋವರದ ಕಾವಲುಗಾರನೇ.

ಸ್ಕಾಟ್ಲೆಂಡಿನ ನೆಸ್ ಸರೋವರದ ಮೃಗದ ಸುದ್ದಿ 1933ರಿಂದ ಲೋಕವನ್ನೆಲ್ಲ ಸುತ್ತಿತು. 1934ರ ಪ್ರಸಿದ್ಧ ಛಾಯಾಚಿತ್ರ ಕೃತಕವೆಂದು 1994ರಲ್ಲಿ ಬಯಲಾಯಿತು. 2018ರಲ್ಲಿ ವಿಜ್ಞಾನಿಗಳು ಆ ನೀರನ್ನೇ ಸೋಸಿ ಅದರಲ್ಲಿದ್ದ ಡಿಎನ್‌ಎ ಪರೀಕ್ಷಿಸಿದರು. ಮರುವರ್ಷ ಪ್ರಕಟವಾದ ಫಲಿತಾಂಶದಲ್ಲಿ ಸರೀಸೃಪದ ಸುಳಿವಿರಲಿಲ್ಲ, ಹಾವುಮೀನಿನ ಕುರುಹು ಮಾತ್ರ ಹೇರಳವಾಗಿತ್ತು. ಪ್ರವಾಸಿಗರೇನೂ ಕಡಿಮೆಯಾಗಲಿಲ್ಲ. ಅಲ್ಲಿ ಮೃಗ ಮನರಂಜನೆ.

ಬಯಲುಸೀಮೆಯ ಕೆರೆಯ ಕಥೆಗೆ ಬೇರೊಂದು ಕೆಲಸವಿತ್ತು. "ತೂಬಿನ ಹತ್ತಿರ ಈಜಬೇಡ, ಒಳಗಿರುವುದು ಕಾಲೆಳೆಯುತ್ತದೆ" ಎಂದು ಅಜ್ಜಿಯರು ಹೇಳುವುದು ಸುಮ್ಮನಲ್ಲ. ತೂಬು ತೆರೆದಾಗ ನೀರು ತಳದಿಂದ ಸೆಳೆಯುತ್ತದೆ; ಮೇಲೆ ಅಲೆಯೂ ಕಾಣದು. ಏರಿಯ ಬುಡದಲ್ಲಿ ಆಳ ಹೆಚ್ಚು. ಇದನ್ನು ನೀರುಗಂಟಿ ಅನುಭವದಿಂದ ಅರಿತಿದ್ದ. ಮಗುವಿಗೆ ಕಥೆಯೇ ಸಾಕಾಗಿತ್ತು. ಮೃಗ ವಾಸಿಸುತ್ತದೆಂದು ಹೇಳಿದ ಜಾಗ ಸಾಮಾನ್ಯವಾಗಿ ಕೆರೆಯ ಅಪಾಯದ ಜಾಗವೇ ಆಗಿರುತ್ತಿತ್ತು.

ಈಗ ಆ ಲೆಕ್ಕ ತಪ್ಪಿದೆ. ಹೂಳೆತ್ತುವ ಹೆಸರಿನಲ್ಲಿ, ಇಟ್ಟಿಗೆಗೆ, ಮಣ್ಣಿನ ವ್ಯಾಪಾರಕ್ಕೆ ಜೆಸಿಬಿ ಯಂತ್ರಗಳು ಕೆರೆಯಂಗಳದಲ್ಲಿ ಮನಸ್ಸಿಗೆ ಬಂದಲ್ಲಿ ಕಡಿದಾದ ಗುಂಡಿಗಳನ್ನು ತೋಡುತ್ತವೆ. ಕೆರೆಯ ತಳ ಏರಿಯ ಕಡೆಗೆ ಮೆಲ್ಲನೆ ಇಳಿಯುತ್ತಿತ್ತು. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆಗೆ ಎರಡಾಳು ಆಳ ಬರುತ್ತಿರಲಿಲ್ಲ. ಮಳೆ ಬಂದು ನೀರು ತುಂಬಿದರೆ ಗುಂಡಿ ಕಾಣುವುದಿಲ್ಲ. ದನ ತೊಳೆಯಲು ಇಳಿದವರು, ಈಜಲು ಬಂದ ಮಕ್ಕಳು ಇಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಗುಂಡಿಗಳ ಬಗ್ಗೆ ಯಾವ ಅಜ್ಜಿಯೂ ಕಥೆ ಹೇಳಿಲ್ಲ. ಅವು ಹೋದ ಬೇಸಿಗೆಯಲ್ಲಿ ಹುಟ್ಟಿದವು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಊರಿನ ಹಿರಿಯರನ್ನು ಕೇಳಿ ಕೆರೆಯ ನಕ್ಷೆಯಲ್ಲಿ ತೂಬು, ಕೋಡಿ, ಮಡು, "ಅಲ್ಲಿಗೆ ಹೋಗಬೇಡ" ಎಂದ ಜಾಗ ಇವನ್ನೆಲ್ಲ ಗುರುತಿಸಬೇಕು. ಬೇಸಿಗೆಯಲ್ಲಿ ನೀರಿಳಿದಾಗ ಹೊಸ ಗುಂಡಿಗಳನ್ನೂ ಅಳೆದು ಅದೇ ನಕ್ಷೆಗೆ ಸೇರಿಸಬೇಕು. ಹೂಳೆತ್ತುವವರು ಬರುವ ಮೊದಲೇ, ಎಲ್ಲಿ ಎಷ್ಟು ತೆಗೆಯಬೇಕು, ಇಳಿಜಾರು ಹೇಗಿರಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಆ ನಕ್ಷೆ ಮುಂದಿಟ್ಟು ಕೇಳಬಹುದು. ಮುಂಗಾರಿಗೆ ಮೊದಲು ಗುಂಡಿಗಳ ಸುತ್ತ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟುವುದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.