ಪರಿಸರ ಯೋಜನೆಯ ವಿದ್ಯೆ ಮತ್ತು ನಮ್ಮ ಊರು
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೆ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಈ ಊರಿನಿಂದ ಹೋಗಿ ವಿಶ್ವವಿದ್ಯಾಲಯದಲ್ಲಿ ಪರಿಸರ ಮತ್ತು ಊರು ಯೋಜನೆಯ ವಿಷಯ ಓದಿದವರು ನಾವು ಇಬ್ಬರು ಮೂವರು ಇದ್ದೇವೆ. ಹಬ್ಬಕ್ಕೆ ಬಂದಾಗಲೆಲ್ಲ ಅರಳಿಕಟ್ಟೆಯ ಮೇಲೆ ಕುಂತ ಹಿರಿಯರು ಕೇಳೋದು ಒಂದೇ ಪ್ರಶ್ನೆ: "ನೀವು ಓದಿದ್ದು ಏನ್ರಪ್ಪಾ? ಇಂಜಿನಿಯರೋ, ಸರ್ವೆಯವರೋ, ಫಾರೆಸ್ಟಿನವರೋ?" ಮೂರೂ ಅಲ್ಲ, ಮೂರೂ ಒಂದಿಷ್ಟು ಹೌದು ಅಂದರೆ ನಗುತ್ತಾರೆ. ಇವತ್ತು ಸ್ವಲ್ಪ ಬಿಡಿಸಿ ಹೇಳೋಣ ಅಂತ ಬಂದಿದ್ದೇವೆ. ಜೊತೆಗೆ, ಸಂಘ ಕಟ್ಟಬೇಕೆಂದಿರುವ ಹೊಸ ಗೋದಾಮಿನ ಜಾಗದ ಬಗ್ಗೆಯೂ ಹೇಳುವುದಿದೆ. ಅದು ಸುಮ್ಮನೆ ಸೇರಿಸಿದ ಮಾತಲ್ಲ, ನಾವು ಓದಿದ್ದಕ್ಕೂ ಆ ಜಾಗಕ್ಕೂ ನೇರ ಸಂಬಂಧ ಇದೆ.

ಯೋಜನೆ ಅಂದ ಕೂಡಲೆ ನಮ್ಮ ಜನಕ್ಕೆ ನೆನಪಾಗೋದು ಸಬ್ಸಿಡಿ, ಸಾಲ, ಅರ್ಜಿ ಫಾರಂ. ಈ ವಿದ್ಯೆಯ ಯೋಜನೆ ಬೇರೆ. ಒಂದು ನೆಲದ ಮೇಲೆ ಮನೆ, ರಸ್ತೆ, ಕಾರ್ಖಾನೆ, ಬಡಾವಣೆ ಏನೇ ಬರಲಿ, ಬರುವ ಮೊದಲೇ ಆ ನೆಲದ ಮಣ್ಣು ಎಂಥದು, ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಅಲ್ಲಿ ಯಾರು ಬದುಕುತ್ತಿದ್ದಾರೆ, ಕಾನೂನು ಏನನ್ನುತ್ತದೆ ಎಂದು ಒಟ್ಟಿಗೆ ನೋಡುವುದು. ಇವನ್ನೆಲ್ಲ ಬೇರೆ ಬೇರೆ ಇಲಾಖೆಯವರು ಬೇರೆ ಬೇರೆಯಾಗಿ ನೋಡಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೊಸ ರಸ್ತೆ ಆದ ವರ್ಷವೇ ಚರಂಡಿ ತೋಡಲು ಅದನ್ನು ಅಗೆಯೋದು ನೋಡಿದ್ದೀರಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಕಟ್ಟಡ ಕಲೆ, ಭೂದೃಶ್ಯ ರಚನೆ, ನಗರ ಯೋಜನೆ ಈ ಮೂರನ್ನೂ ಒಂದೇ ಸೂರಿನಡಿ ತಂದು ಆ ಕಾಲೇಜಿಗೆ 'ಎನ್ವಿರಾನ್‌ಮೆಂಟಲ್ ಡಿಸೈನ್' ಅಂದರೆ ಪರಿಸರ ವಿನ್ಯಾಸ ಎಂದೇ ಹೆಸರಿಟ್ಟರು. ನಮ್ಮ ದೇಶದಲ್ಲಿ ದೆಹಲಿಯ ಯೋಜನಾ ಶಾಲೆ 1955ರಲ್ಲಿ ಆರಂಭವಾಯಿತು, ಅಹಮದಾಬಾದಿನದು 1972ರಲ್ಲಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ನಗರ ಮತ್ತು ಪ್ರಾದೇಶಿಕ ಯೋಜನೆಯ ಪಾಠ ಬಹಳ ಕಾಲದಿಂದ ನಡೆದುಬಂದಿದೆ.

ಇವೆಲ್ಲಕ್ಕೂ ಮೊದಲು ಈ ದೇಶದಲ್ಲಿ ಊರೂರು ಅಲೆದು ಕೆಲಸ ಮಾಡಿದವರು ಒಬ್ಬರಿದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. ಅವರು ಇಂಜಿನಿಯರೂ ಅಲ್ಲ, ಮೇಸ್ತ್ರಿಯೂ ಅಲ್ಲ. ಓದಿದ್ದು ಜೀವಶಾಸ್ತ್ರ. ಗಿಡ ಮರ ಹುಳ ಹುಪ್ಪಟೆ ನೋಡುವ ಕಣ್ಣಿನಿಂದಲೇ ಊರನ್ನೂ ನೋಡಿದರು. 1914ರಲ್ಲಿ ಮದರಾಸಿಗೆ ಬರುವಾಗ ಅವರ ನಗರಗಳ ವಸ್ತುಪ್ರದರ್ಶನದ ಸಾಮಾನೆಲ್ಲ ಬೇರೆ ಹಡಗಿನಲ್ಲಿ ಬರುತ್ತಿತ್ತು. ಆ ಹಡಗನ್ನು ಜರ್ಮನಿಯ 'ಎಮ್ಡನ್' ಯುದ್ಧನೌಕೆ ಮುಳುಗಿಸಿಬಿಟ್ಟಿತು. ಮದರಾಸಿನ ಮೇಲೆ ಗುಂಡು ಹಾರಿಸಿತಲ್ಲ, ಅದೇ ಎಮ್ಡನ್. ನಕ್ಷೆ, ಚಿತ್ರ ಎಲ್ಲಾ ಸಮುದ್ರ ಪಾಲು. ಬೇರೆ ಯಾರಾದರೂ ಆಗಿದ್ದರೆ ವಾಪಸು ಹೋಗುತ್ತಿದ್ದರು. ಇವರು ಸ್ನೇಹಿತರಿಂದ ಮತ್ತೆ ಸಾಮಗ್ರಿ ಕೂಡಿಸಿಕೊಂಡು ಪ್ರದರ್ಶನ ನಡೆಸಿಯೇ ಬಿಟ್ಟರು. ಮುಂದೆ 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಆ ಕಾಲದ ಅಧಿಕಾರಿಗಳಿಗೆ ಊರು ಸುಧಾರಣೆ ಅಂದರೆ ಓಣಿಗಳನ್ನು ಕೆಡವಿ ನೆಟ್ಟಗೆ ಅಗಲ ರಸ್ತೆ ಹೊಡೆಯುವುದು. ಗೆಡ್ಡೆಸ್ ಓಣಿ ಓಣಿ ನಡೆದು, ಯಾವ ಮನೆ ಗಟ್ಟಿ, ಯಾವುದು ಬಿದ್ದಿದೆ, ಹೆಂಗಸರು ನೀರು ಎಲ್ಲಿಂದ ತರುತ್ತಾರೆ ಎಂದು ನೋಡುತ್ತಿದ್ದರು. ಬಿದ್ದ ಮನೆಯ ಜಾಗವನ್ನಷ್ಟೇ ತೆರವು ಮಾಡಿ, ಅಲ್ಲೊಂದು ಮರ, ಇಲ್ಲೊಂದು ಬಾವಿಕಟ್ಟೆ ಮಾಡಿದರೆ ಗಾಳಿ ಬೆಳಕು ಬರುತ್ತದೆ, ಜನರನ್ನು ಓಡಿಸಬೇಕಿಲ್ಲ, ಖರ್ಚೂ ಕಡಿಮೆ ಎಂದು ಬರೆದು ಕೊಡುತ್ತಿದ್ದರು. ಒಳ್ಳೆ ವೈದ್ಯ ಮೊದಲು ನಾಡಿ ನೋಡುತ್ತಾನೆ, ಆಮೇಲೆ ಕತ್ತಿ ಮುಟ್ಟುತ್ತಾನೆ, ಹಾಗೆ. ಮಲೇರಿಯಾ ಬರುತ್ತದೆ ಎಂದು ಕೆರೆ ಕುಂಟೆ ಮುಚ್ಚಿಸುವ ಸಲಹೆ ಆಗ ಎಲ್ಲ ಕಡೆ ಇತ್ತು. ಗೆಡ್ಡೆಸ್ ಮುಚ್ಚಬೇಡಿ ಎಂದರು. ಮೀನು ಬಿಡಿ, ಬಾತುಕೋಳಿ ಬಿಡಿ, ಸೊಳ್ಳೆಯ ಮರಿಗಳನ್ನು ಅವು ನೋಡಿಕೊಳ್ಳುತ್ತವೆ, ಕೆರೆ ಊರನ್ನು ತಂಪಾಗಿಡುತ್ತದೆ ಎಂದರು. ನೂರು ವರ್ಷದ ಹಿಂದೆ ಹೇಳಿದ ಈ ಮಾತನ್ನು ನಮ್ಮ ದೊಡ್ಡ ಪಟ್ಟಣಗಳು ಕೇಳಿದ್ದರೆ ಇವತ್ತು ಮಳೆ ಬಂದಾಗಲೆಲ್ಲ ಮನೆಯೊಳಗೆ ನೀರು ನುಗ್ಗುತ್ತಿರಲಿಲ್ಲ.

ಇಂದೂರಿನದು ಇನ್ನೊಂದು ಕಥೆ. ಅಲ್ಲಿ ಪ್ಲೇಗು ಹೆಚ್ಚಿತ್ತು. ನಕ್ಷೆ ಹಿಡಿದು ಓಡಾಡುವ ದೊರೆಯನ್ನು ಕಂಡರೆ, ನಮ್ಮ ಮನೆ ಕೆಡವಲು ಬಂದ ಅಂತ ಜನಕ್ಕೆ ಅನುಮಾನ. ಅವರ ಜೀವನ ಚರಿತ್ರೆ ಬರೆದವರು ಹೇಳುವ ಪ್ರಕಾರ, ಗೆಡ್ಡೆಸ್ ಮಹಾರಾಜರನ್ನು ಒಪ್ಪಿಸಿ ದೀಪಾವಳಿಗೆ ದೊಡ್ಡ ಮೆರವಣಿಗೆ ಏರ್ಪಡಿಸಿದರು. ಆನೆ, ಕುದುರೆ, ವಾದ್ಯ ಎಲ್ಲ ಸರಿ, ಮೆರವಣಿಗೆ ಯಾವ ಬೀದಿಯಲ್ಲಿ ಹೋಗುತ್ತದೆ? ಯಾವ ಬೀದಿಯವರು ಮನೆ ಮುಂದೆ ಹೆಚ್ಚು ಚೊಕ್ಕಟ ಮಾಡಿ, ರಿಪೇರಿ ಮಾಡಿಕೊಂಡಿರುತ್ತಾರೋ ಆ ಬೀದಿಯಲ್ಲಿ! ಊರಿಗೆ ಊರೇ ಪೊರಕೆ ಹಿಡಿಯಿತಂತೆ. ಗಾಡಿಗಟ್ಟಲೆ ಕಸ ಹೊರಗೆ ಹೋಯಿತು. ಜುಲ್ಮಾನೆ ಹಾಕಿದ್ದರೆ ಇದು ಆಗುತ್ತಿತ್ತೇ? ನಮ್ಮ ತರಗತಿಯಲ್ಲಿ ನೀತಿ ನಿರೂಪಣೆ ಎಂಬ ಪಾಠ ಇರುತ್ತದೆ. ದಪ್ಪ ದಪ್ಪ ಪುಸ್ತಕ. ಅದರ ತಿರುಳೆಲ್ಲ ಈ ಒಂದು ಮೆರವಣಿಗೆಯಲ್ಲಿದೆ ಎಂದು ನಮಗೆ ಅನ್ನಿಸುತ್ತದೆ.

ಇನ್ನು ತರಗತಿಯಲ್ಲಿ ಮಾಡುವ ಕೆಲಸ. ಅರ್ಧ ಭಾಗ ಕ್ಲಾಸು, ಇನ್ನರ್ಧ 'ಸ್ಟುಡಿಯೋ'. ಹತ್ತಿಪ್ಪತ್ತು ಹುಡುಗ ಹುಡುಗಿಯರನ್ನು ಒಂದು ಹಳ್ಳಿಗೋ ಬಡಾವಣೆಗೋ ಕಳಿಸುತ್ತಾರೆ. ಮನೆ ಮನೆ ತಿರುಗಿ ಲೆಕ್ಕ ಬರೆಯಬೇಕು, ನಕ್ಷೆ ಹಾಕಬೇಕು, ವಾಪಸು ಬಂದು ಮೇಷ್ಟ್ರ ಮುಂದೆ ಗೋಡೆಗೆ ಅಂಟಿಸಿ ಬೈಸಿಕೊಳ್ಳಬೇಕು. ಇಯಾನ್ ಮೆಕ್‌ಹಾರ್ಗ್ ಎಂಬ ಅಮೆರಿಕದ ಪ್ರಾಧ್ಯಾಪಕರು 1969ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧವಾದ ಒಂದು ಕ್ರಮ ಇದೆ. ಒಂದು ಪಾರದರ್ಶಕ ಹಾಳೆಯ ಮೇಲೆ ಮಣ್ಣು, ಇನ್ನೊಂದರ ಮೇಲೆ ಇಳಿಜಾರು, ಮತ್ತೊಂದರ ಮೇಲೆ ನೀರಿನ ದಾರಿ, ಮಗದೊಂದರಲ್ಲಿ ಮರಗಿಡ. ಕಟ್ಟಬಾರದ ಕಡೆ ಕಪ್ಪು ಬಳಿಯುವುದು. ಎಲ್ಲಾ ಹಾಳೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ತಿಳಿಯಾಗಿ ಉಳಿದ ಜಾಗವೇ ಕಟ್ಟಲು ಯೋಗ್ಯ. ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಲೆಕ್ಕ ಅದೇ.

ನಮ್ಮ ಗೋದಾಮಿನ ವಿಷಯಕ್ಕೆ ಬರೋಣ. ಎರಡು ಜಾಗದ ಮಾತು ನಡೀತಾ ಇದೆ. ಒಂದು ರಸ್ತೆ ಪಕ್ಕ, ಕೆರೆ ಕೋಡಿಯ ಕೆಳಗೆ. ಲಾರಿ ತಿರುಗಿಸಲು ಸಲೀಸು. ಇನ್ನೊಂದು ಶಾಲೆಯ ಹಿಂದಿನ ದಿಣ್ಣೆ. ಅಲ್ಲಿಗೆ ರಸ್ತೆ ಮಾಡಬೇಕು, ಖರ್ಚು ಜಾಸ್ತಿ. ಹೆಚ್ಚಿನವರ ಮನಸ್ಸು ಕೆಳಗಿನ ಜಾಗದ ಮೇಲಿದೆ ಎಂದು ಕೇಳಿದ್ದೇವೆ. ನಾವು ದಿಣ್ಣೆಯ ಪರ. ಕಾರಣ ಹೇಳುತ್ತೇವೆ. ಗ್ರಾಮ ನಕ್ಷೆಯಲ್ಲಿ ಕೆಳಗಿನ ಜಾಗದ ಮಗ್ಗುಲಲ್ಲೇ ಹಳ್ಳದ ಗುರುತಿದೆ, ಒಂದು ಪಟ್ಟಿ ಬಿ ಖರಾಬು. ಅದು ಸಾರ್ವಜನಿಕರ ನೆಲ, ಕಟ್ಟುವಂತಿಲ್ಲ. ಖರಾಬು ಬಿಟ್ಟು ಪಕ್ಕಕ್ಕೆ ಕಟ್ಟುತ್ತೇವೆ ಅನ್ನಬಹುದು. ಆದರೆ ನೀರು ಸರ್ವೆ ಕಲ್ಲು ನೋಡಿಕೊಂಡು ಹರಿಯೋದಿಲ್ಲ. ನಾಲ್ಕೈದು ವರ್ಷ ಕೋಡಿ ಬೀಳದೆ ಇದ್ದರೆ ಹಳ್ಳವೇ ಇಲ್ಲ ಅಂತ ಮರೆತುಬಿಡುತ್ತೇವೆ. ಬಿದ್ದ ವರ್ಷ ಗೋದಾಮಿನೊಳಗೆ ಯೂರಿಯಾ ಚೀಲ ಇರುತ್ತವೆ. ತೇವ ಹಿಡಿದ ಯೂರಿಯಾ ಕಲ್ಲಾಗುತ್ತದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಕರಗಿ ಹರಿದರೆ ಕೆಳಗಿನ ಕುಂಟೆಗೆ ಸೇರಿ ಪಾಚಿ ಕಟ್ಟುತ್ತದೆ, ದನ ಕುಡಿಯುವ ನೀರು ಅದು. ದಿಣ್ಣೆಗೆ ರಸ್ತೆ ಮಾಡೋ ಖರ್ಚು ಒಂದು ಸಲದ್ದು. ಸಂಘದ ದುಡ್ಡು ಸದಸ್ಯರ ದುಡ್ಡು, ತೀರ್ಮಾನ ಸರ್ವಸದಸ್ಯರ ಸಭೆಯದು. ನಾವು ಹೇಳಬೇಕಾದ್ದು ಹೇಳಿದ್ದೇವೆ.

ಇನ್ನೊಂದು ಮಾತು ತಾಲ್ಲೂಕು ಪಟ್ಟಣ ನಮ್ಮ ಕಡೆಗೆ ಬೆಳೆಯುತ್ತಿರುವುದು. ಇವತ್ತಲ್ಲ ನಾಳೆ ನಮ್ಮ ಹಳ್ಳಿಯೂ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಬಹುದು. ಆಗ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಮಹಾಯೋಜನೆ ತಯಾರಾಗುತ್ತದೆ. ಯಾವ ಹೊಲ ಹಸಿರಾಗಿ ಉಳಿಯಬೇಕು, ಯಾವುದು ವಸತಿ, ಯಾವುದು ಕೈಗಾರಿಕೆ ಎಂದು ಬಣ್ಣ ಹಚ್ಚುತ್ತಾರೆ. ನಕ್ಷೆ ಪ್ರಕಟವಾದ ಮೇಲೆ ಜನರ ಅಭಿಪ್ರಾಯಕ್ಕೆ 60 ದಿನ ಅವಕಾಶ. ಗಣಿಯೋ ದೊಡ್ಡ ಕಾರ್ಖಾನೆಯೋ ಬರುವುದಾದರೆ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮುಂಚೆ ನೋಟೀಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಎಲ್ಲ ಯೋಜನೆಗೂ ಈ ವಿಚಾರಣೆ ಇಲ್ಲ, ಇರುವುದಕ್ಕಾದರೂ ಹೋಗಬೇಕಲ್ಲ. ಬಣ್ಣದ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರು ಹುಡುಕಲು ಬಾರದೆ ಆ ದಿನಗಳು ಕಳೆದುಹೋದರೆ ಆಮೇಲೆ ಕಚೇರಿ ಸುತ್ತಿ ಪ್ರಯೋಜನ ಕಡಿಮೆ. ನಕ್ಷೆ ಓದುವ ಒಬ್ಬಿಬ್ಬರು ಊರಿನಲ್ಲೇ ಇರಬೇಕು ಎನ್ನುವುದು ಇದಕ್ಕೇ.

ಮಕ್ಕಳನ್ನು ಓದಿಸಬೇಕೆನ್ನುವ ತಂದೆ ತಾಯಿಗಳಿಗೆ ಒಂದಿಷ್ಟು ವಿವರ. ಪಿ.ಯು.ಸಿ.ಯಲ್ಲಿ ಗಣಿತ ತೆಗೆದುಕೊಂಡವರು ನಾಲ್ಕು ವರ್ಷದ ಬಿ.ಪ್ಲ್ಯಾನ್ ಸೇರಬಹುದು. ದೆಹಲಿ, ಭೋಪಾಲ್, ವಿಜಯವಾಡದ ಕೇಂದ್ರ ಸರ್ಕಾರದ ಶಾಲೆಗಳಿಗೆ ಜೆಇಇ ಮೇನ್ ಪರೀಕ್ಷೆಯ 2-ಬಿ ಪತ್ರಿಕೆ ಬರೆಯಬೇಕು. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ, ಅರ್ಜಿ ಹಾಕುವಾಗಲೇ ಆರಿಸಿಕೊಳ್ಳಬೇಕು. ಪಾಠ ಮಾತ್ರ ಇಂಗ್ಲಿಷಿನಲ್ಲಿ. ಮೊದಲ ವರ್ಷ ಕಷ್ಟ, ಆಮೇಲೆ ಒಗ್ಗುತ್ತದೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೂ ಕೆಲವು ಕಡೆ ಎರಡು ವರ್ಷದ ಎಂ.ಪ್ಲ್ಯಾನ್‌ಗೆ ಪ್ರವೇಶವಿದೆ. ಓದು ಮುಗಿದ ಕೂಡಲೆ ಸರ್ಕಾರಿ ನೌಕರಿ ಗ್ಯಾರಂಟಿ ಅಂತ ನಾವು ಹೇಳೋದಿಲ್ಲ. ಬೆಂಗಳೂರಿನಲ್ಲಿ ಲೇಔಟ್ ನಕ್ಷೆ ಬರೆಯುವ ಕೆಲಸಕ್ಕೇ ಸೇರಿದ ಗೆಳೆಯರೂ ನಮಗಿದ್ದಾರೆ. ಆದರೆ ಗದ್ದೆ ಬಯಲಲ್ಲಿ ಬೆಳೆದ ಹುಡುಗಿಗೆ ತೂಬು, ಕೋಡಿ, ಅಚ್ಚುಕಟ್ಟು ಅಂದರೆ ಏನೆಂದು ಯಾರೂ ಕಲಿಸಬೇಕಿಲ್ಲ. ಪಟ್ಟಣದ ಸಹಪಾಠಿಗಳು ಅದನ್ನು ಬಾಯಿಪಾಠ ಮಾಡುತ್ತಿರುತ್ತಾರೆ.

ಊಟದ ಪಂಕ್ತಿ ಮುಗಿದ ಮೇಲೆ ಸಂಘದ ಕಚೇರಿಯ ದೊಡ್ಡ ಮೇಜಿನ ಮೇಲೆ ಗ್ರಾಮ ನಕ್ಷೆ ಹರವಿರುತ್ತೇವೆ. ಕೋಡಿ ಬಿದ್ದಾಗ ನೀರು ಎಲ್ಲಿಯವರೆಗೆ ನಿಂತಿತ್ತು, ಹಳೇ ಕಾಲುವೆ ಯಾವ ಕಡೆಗೆ ತಿರುಗುತ್ತಿತ್ತು ಎಂದು ಕಣ್ಣಾರೆ ಕಂಡ ಅಜ್ಜಂದಿರು, ಅಜ್ಜಿಯರು ಬಂದು ಬೆರಳಿಟ್ಟು ತೋರಿಸಿಕೊಡಬೇಕು. ಪೆನ್ಸಿಲು ನಮ್ಮ ಹತ್ತಿರ ಇದೆ.